ಲಾಟೀನು ಹಿಡಿದ ಬೋಣಿ ಮಾಮ

ಒಂದು ಹಳೆಯ ವಿಡಿಯೋ ಕ್ಯಾಸೆಟ್ಟಿಗೆ ನಾನು ಏಳುನೂರ ಐವತ್ತು ದಿರ್ಹಮ್ ಕೊಟ್ಟೆ. ಪುಕ್ಕಟೆ ಕೊಟ್ಟರೂ ಇವತ್ತು ಅದನ್ನು ಯಾರೂ ಮುಟ್ಟುವುದಿಲ್ಲ. ಹಾಕಿ ನೋಡುವ ಯಂತ್ರವೇ ಮನೆಗಳಲ್ಲಿ ಉಳಿದಿಲ್ಲ. ದುಬೈಯಲ್ಲಿ ಹಳೆಯ ಸಾಮಾನು ಕೊಂಡು ಮಾರುವುದು ನನ್ನ ವ್ಯಾಪಾರ. ಮನೆ ಖಾಲಿ ಮಾಡಿ ತಮ್ಮ ದೇಶಕ್ಕೆ ಹೊರಟವರ ಸೋಫಾ, ಮಂಚ, ಫ್ರಿಜ್ಜುಗಳನ್ನು ಒಟ್ಟಿಗೆ ಎತ್ತಿಕೊಂಡು ಬಂದು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನನ್ನ ಗೋದಾಮಿನಲ್ಲಿ ಒರೆಸಿ, ರಿಪೇರಿ ಮಾಡಿಸಿ ಮಾರುತ್ತೇನೆ. ಹದಿನಾರು ವರ್ಷದ ಈ ಕಸುಬಿನಲ್ಲಿ ಎದುರಿನವನು ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಎಣಿಸಿ ಕೊಟ್ಟದ್ದು ಆ ಒಂದೇ ಸಲ.

ಕಾರಣ ಇದು. ಆ ಕ್ಯಾಸೆಟ್ಟಿನ ಹೊದಿಕೆಯ ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಲಾಟೀನು ಹಿಡಿದ ಒಬ್ಬ ಮುದುಕನ ಚಿತ್ರವಿತ್ತು. ಕಥೆಯ ಕೊನೆಗೆ ಅವನು ಬದುಕಿದನೋ ಸತ್ತನೋ ಎಂಬುದು ನನಗೂ ಅಬುಧಾಬಿಯ ಅಕ್ಕನಿಗೂ ಇಪ್ಪತ್ತೆರಡು ವರ್ಷದಿಂದ ಗೊತ್ತಿರಲಿಲ್ಲ. ಅಕ್ಕ ಇನ್ನು ಐದು ದಿನಕ್ಕೆ ವೀಸಾ ಕ್ಯಾನ್ಸಲ್ ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಡುವವರಿದ್ದರು. ಅದರೊಳಗೆ ಆ ಸಿನಿಮಾವನ್ನು ಅವರ ಪಕ್ಕದಲ್ಲಿ ಕೂತು ಮುಗಿಸಬೇಕೆಂಬುದು ನನ್ನ ಹಟವಾಗಿತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಕಾಪುವಿನ ಕಡೆಯವಳು, ಮನೆಮಾತು ತುಳು. ಅವರು ಉಳ್ಳಾಲದ ಬ್ಯಾರಿ ಮುಸ್ಲಿಮ್ ಮನೆತನದವರು, ನನಗಿಂತ ಏಳು ವರ್ಷ ದೊಡ್ಡವರು. ನಾನು ಮದುವೆಯಾಗಿ ದುಬೈಗೆ ಬಂದಾಗ ಕರಾಮದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಕೋಣೆ ನಮಗೆ, ಇನ್ನೊಂದು ಅವರಿಗೆ. ಅಡುಗೆಮನೆ ಮತ್ತು ಕೂರುವ ಹಾಲ್ ಇಬ್ಬರಿಗೂ ಸೇರಿದ್ದು. ಆಗ ಹೆಚ್ಚಿನ ಸಂಸಾರಗಳು ಹೀಗೆಯೇ ಬಾಡಿಗೆ ಹಂಚಿಕೊಂಡು ಇರುತ್ತಿದ್ದವು. ಗಂಡಸರು ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಮೊದಲ ತಿಂಗಳು ನಾನು ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಒಂದು ಮಧ್ಯಾಹ್ನ ಅಕ್ಕ ಬಾಗಿಲು ಬಡಿದರು.

"ಹೊರಗೆ ಬಾ ಮಾರಾಯ್ತಿ. ಅಳುದಾದ್ರೆ ಹಾಲಿನಲ್ಲಿ ಕೂತು ಅಳು. ಎರಡು ಕೋಣೆಯಲ್ಲಿ ಎರಡು ಏಸಿ ಯಾಕೆ ಸುಮ್ಮನೆ?"

ಹೊರಗೆ ಬಂದೆ. ಹಾಲಿನಲ್ಲಿ ಅವರ ಟಿ.ವಿ. ಇತ್ತು, ಅದರ ಕೆಳಗೆ ಕ್ಯಾಸೆಟ್ ಹಾಕುವ ವಿ.ಸಿ.ಆರ್. ಯಂತ್ರವಿತ್ತು. ನೋಡಲು ಮಾತ್ರ ಏನೂ ಇರಲಿಲ್ಲ.

ಕಟ್ಟಡದ ಕೆಳಗಿದ್ದ ವಿಡಿಯೋ ಅಂಗಡಿಯನ್ನು ಮಲಯಾಳಿಯೊಬ್ಬರು ನಡೆಸುತ್ತಿದ್ದರು. ಹೊಸ ಹಿಂದಿ ಸಿನಿಮಾಕ್ಕೆ ದಿನಕ್ಕೆ ಮೂರು ದಿರ್ಹಮ್ ಬಾಡಿಗೆ, ಅದಕ್ಕೂ ನಾಲ್ಕು ಮನೆಯವರು ಮೊದಲೇ ಹೆಸರು ಬರೆಸಿರುತ್ತಿದ್ದರು. ಅಂಗಡಿಯ ಹಿಂದಿನ ಗೋಡೆಯ ಕೆಳಗಿನ ಸಾಲಿನಲ್ಲಿ ಮಾತ್ರ ಯಾರೂ ಮುಟ್ಟದ ನಲವತ್ತೈವತ್ತು ಕ್ಯಾಸೆಟ್ಟುಗಳು ಧೂಳು ಹಿಡಿದು ಕೂತಿದ್ದವು. ಕೆಲಸ ಬಿಟ್ಟು ಹೋದ ಯಾವನೋ ಇಂಗ್ಲಿಷಿನವನು ಬಿಟ್ಟುಹೋದದ್ದಂತೆ. ಎಲ್ಲವೂ ಇಂಗ್ಲೆಂಡಿನಲ್ಲಿ ತೆಗೆದ ಹಳೆಯ ದೆವ್ವದ ಸಿನಿಮಾಗಳು. ಟಿ.ವಿ.ಯಿಂದ ನಕಲು ಮಾಡಿಕೊಂಡವು ಬಹಳ. ಕೆಲವಕ್ಕೆ ಆರಂಭವೇ ಇಲ್ಲ, ಕೆಲವಕ್ಕೆ ಹೆಸರೇ ಇಲ್ಲ, ಬೆನ್ನ ಮೇಲೆ ಪೆನ್ನಿನಲ್ಲಿ ಬರೆದ ಅಂಕಿ ಮಾತ್ರ. ನಾನು ಅಂಗಡಿಯವರ ಹತ್ತಿರ ಹೋಗಿ, "ಹೇಗೂ ಯಾರೂ ಕೊಂಡೋಗುದಿಲ್ಲ, ಎರಡಕ್ಕೆ ಒಂದು ದಿರ್ಹಮ್ ಕೊಡ್ತೇನೆ, ಧೂಳು ನಾನೇ ಒರೆಸ್ತೇನೆ" ಎಂದೆ. ಅವರು ನಗುತ್ತ ಕೊಟ್ಟರು. ದುಬೈಯಲ್ಲಿ ನಾನು ಮಾಡಿದ ಮೊದಲ ಚೌಕಾಸಿ ಅದು. ನಾವಿಬ್ಬರು ದೆವ್ವದ ಸಿನಿಮಾ ನೋಡಲು ತೊಡಗಿದ್ದಕ್ಕೆ ಬೇರೆ ದೊಡ್ಡ ಕಾರಣವೇನೂ ಇಲ್ಲ, ಅಗ್ಗ ಸಿಕ್ಕಿತು.

ಊಟವಾದ ಮೇಲೆ, ಎರಡು ಗಂಟೆಗೆ ಪರದೆ ಎಳೆಯುತ್ತಿದ್ದೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಂಜು ಕವಿದ ಕಾಡು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಸಿನಿಮಾಗಳಿಗೆ ಭಾಷೆ ಹೆಚ್ಚು ಬೇಡ. ಎತ್ತರದ ಒಬ್ಬ ಕಪ್ಪು ನಿಲುವಂಗಿಯ ರಕ್ತ ಹೀರುವವನು, ತೆಳ್ಳಗಿನ ಒಬ್ಬ ಪಂಡಿತ, ಹಾಸಿಗೆಯಲ್ಲಿ ಬೆಳ್ಳಗೆ ಮಲಗಿದ ಹುಡುಗಿ. ನಾಲ್ಕೈದು ನೋಡುವಷ್ಟರಲ್ಲಿ ಕೋಟೆಯ ಮೆಟ್ಟಿಲು ಎಲ್ಲದರಲ್ಲೂ ಒಂದೇ ಎಂಬುದು ನನಗೆ ಗೊತ್ತಾಯಿತು. ಕಂಬಕ್ಕೆ ಬೇರೆ ಬಣ್ಣ, ಕಿಟಕಿಗೆ ಬೇರೆ ಪರದೆ, ಅಷ್ಟೆ. ಹಳೆಯ ಸೋಫಾಕ್ಕೆ ಹೊಸ ಬಟ್ಟೆ ಹೊಲಿಸಿ ಮಾರುವ ಬುದ್ಧಿ ನನಗೆ ಆಗಲೇ ಹತ್ತಿದ್ದು ಎಂದರೆ ಸುಳ್ಳಲ್ಲ.

ಅವನನ್ನು ಮೊದಲು ಗುರುತಿಸಿದವರು ಅಕ್ಕ. ಬೆಟ್ಟದ ಕೆಳಗಿನ ಹೋಟೆಲಿನ ಮಾಲಿಕನಾಗಿ ಬಂದಿದ್ದ. ಕುಳ್ಳು ಮೈ, ಜೋತ ಕೆನ್ನೆ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ಬಂದ ಪ್ರಯಾಣಿಕರು ಕೋಟೆಯ ದಾರಿ ಕೇಳುತ್ತಾರೆ, ಹೋಟೆಲಿನಲ್ಲಿ ಎಲ್ಲರ ಬಾಯಿ ಕಟ್ಟುತ್ತದೆ, ಇವನು ಮಾತ್ರ ಲೋಟ ಒರೆಸುತ್ತಲೇ ಇರುತ್ತಾನೆ. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಾನೆ. ಅವನ ಹೆದರಿಕೆ ಪೂರ್ತಿ ಆ ಬಟ್ಟೆಯಲ್ಲಿತ್ತು.

"ಇವನು ಮೊನ್ನೆ ಹೆಣ ಹೂಳುವವ ಆಗಿದ್ದ ಅಲ್ವಾ?" ಎಂದರು ಅಕ್ಕ.

"ಅವನು ಸತ್ತನಲ್ಲ ಅಕ್ಕ."

"ಸತ್ತ. ಇವತ್ತು ಹೋಟೆಲ್ ಇಟ್ಟಿದ್ದಾನೆ. ನೋಡ್ತಾ ಇರು, ಇವತ್ತಿನ ಬೋಣಿಯೂ ಇವನದ್ದೇ."

ಹೇಳಿದ ಹಾಗೆಯೇ ಆಯಿತು. ರಕ್ತ ಹೀರುವವನು ಅವತ್ತಿನ ವ್ಯಾಪಾರವನ್ನು ಅವನ ಕುತ್ತಿಗೆಯಿಂದಲೇ ಶುರು ಮಾಡಿದ. ಅಂಗಡಿಗಳಲ್ಲಿ ದಿನದ ಮೊದಲ ಮಾರಾಟಕ್ಕೆ ನಾವು ಹೇಳುವ ಆ ಮಾತು ಅವನಿಗೆ ಅಂಟಿಕೊಂಡಿತು. ಅವನು ನಮಗೆ ಬೋಣಿ ಮಾಮನಾದ.

ಆಮೇಲೆ ನಾವು ಕಥೆ ನೋಡುವುದನ್ನು ಬಿಟ್ಟು ಅವನನ್ನು ಹುಡುಕತೊಡಗಿದೆವು. ಒಂದರಲ್ಲಿ ಕುದುರೆಗಾಡಿ ಓಡಿಸುವವನು. ಕವಲುದಾರಿಯಿಂದ ಮುಂದೆ ಬರುವುದಿಲ್ಲ ಎಂದು ಸಾಮಾನು ಕೆಳಗಿಳಿಸಿ, ವಾಪಸು ತಿರುಗುವ ಮೊದಲು ಕುದುರೆಯ ಕುತ್ತಿಗೆ ತಟ್ಟುತ್ತಾನೆ. ಇನ್ನೊಂದರಲ್ಲಿ ಹೆಣ ಕದ್ದು ತಂದುಕೊಡುವ ಡಾಕ್ಟರನ ಆಳು. ಗೋಣಿಯ ಬಾಯಿ ಕಟ್ಟುವ ಮುಂಚೆ ಸತ್ತವನ ಅಂಗಿಯ ಕಾಲರು ಸರಿಮಾಡುತ್ತಾನೆ. ಮತ್ತೊಂದರಲ್ಲಿ ಹಳ್ಳಿಯ ಪೊಲೀಸಿನವನು. ದೊಡ್ಡ ಮನೆಯೊಳಗೆ ಬಂದು ಟೋಪಿ ತೆಗೆದು, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೊನೆಯವರೆಗೂ ಕಂಕುಳಲ್ಲಿ ಇಟ್ಟುಕೊಂಡೇ ನಿಂತಿರುತ್ತಾನೆ. ಮ್ಯೂಸಿಯಮ್ಮಿನ ಕಾವಲುಗಾರನಾಗಿ ಈಜಿಪ್ಟಿನ ಹೆಣದ ಪೆಟ್ಟಿಗೆಯ ಮೇಲೆ ತಿಂಡಿಯ ಪೊಟ್ಟಣ ಬಿಚ್ಚಿದ್ದೂ ಅವನೇ. ಅವನಿಗೆ ಸಿಗುತ್ತಿದ್ದುದು ಐದು ನಿಮಿಷ. ಬೇರೆಯವರು ಬರೀ ಹೆದರುತ್ತಿದ್ದರು. ಇವನು ಕೈಯಲ್ಲಿ ಒಂದು ಕೆಲಸ ಇಟ್ಟುಕೊಂಡು ಹೆದರುತ್ತಿದ್ದ. ಆ ಕೈ ನೋಡಿದರೆ ದೆವ್ವ ಉಂಟೆಂದು ನಂಬಿಕೆ ಬರುತ್ತಿತ್ತು. ಕಪ್ಪು ನಿಲುವಂಗಿಯವನನ್ನು ನೋಡಿದರೆ ನಮಗೆ ನಗು ಬರುತ್ತಿತ್ತು.

ಅವನ ಮಾತಿನ ಜಾಗಕ್ಕೆಲ್ಲ ಅಕ್ಕ ತಾವೇ ತುಳು ಮಾತು ತುಂಬಿಸುತ್ತಿದ್ದರು. ಹೋಟೆಲ್ ಮಾಲಿಕನಾದಾಗ, "ಕೋಣೆ ಖಾಲಿ ಇಲ್ಲ, ಊಟ ಮುಗಿದಿದೆ, ನಿಮ್ಮ ತಾಯಿ ಅಲ್ಲಿ ಕಾಯ್ತಾ ಇದ್ದಾರೆ, ಮನೆಗೆ ಹೋಗಿ ಮಕ್ಕಳೇ" ಎಂದು ದನಿ ತಗ್ಗಿಸಿ ಹೇಳುತ್ತಿದ್ದರು.

"ಗಿರಾಕಿಯನ್ನು ಹೀಗೆ ಓಡಿಸಿದ್ರೆ ಹೋಟೆಲ್ ನಡೆಯುದು ಹೇಗೆ ಅಕ್ಕ?"

"ಗಿರಾಕಿಯ ರಕ್ತ ಹೋಗುದಕ್ಕಿಂತ ಬಿಲ್ಲು ಹೋಗ್ಲಿ. ನಿನ್ನ ಹಾಗೆ ಅಲ್ಲ ಅವನು. ನೀನಾದ್ರೆ ಅಡ್ವಾನ್ಸ್ ತಗೊಂಡು ದಾರಿ ತೋರಿಸ್ತಿದ್ದಿ."

ಇಬ್ಬರ ನಗುವಿನ ಸದ್ದಿಗೆ, ಅಷ್ಟರಲ್ಲಿ ಹುಟ್ಟಿ ತೊಟ್ಟಿಲಲ್ಲಿ ಮಲಗಿದ್ದ ನನ್ನ ಮಗ ಎದ್ದು ಅಳುತ್ತಿದ್ದ. ಅಕ್ಕ ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದು ಕೈಯಲ್ಲಿ ಸಂಜೆಗೆಂದು ಅಕ್ಕಿಹಿಟ್ಟಿನ ಪುಂಡಿ ಉಂಡೆ ಕಟ್ಟುತ್ತ, ಕಣ್ಣು ಮಾತ್ರ ಟಿ.ವಿ.ಯಿಂದ ತೆಗೆಯುತ್ತಿರಲಿಲ್ಲ. ನಾಲ್ಕು ವರ್ಷ ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ಮತ್ತೆ ಸಿಗದಂಥ ಮಧ್ಯಾಹ್ನಗಳೆಂದು ಆಗ ಅನಿಸಿರಲಿಲ್ಲ.

ಕೊನೆಗೆ ಆ ಸಿನಿಮಾ ಬಂತು. ಹೆಸರಿಲ್ಲದ, ಆರಂಭವೂ ಇಲ್ಲದ ಕ್ಯಾಸೆಟ್ಟು. ಬೋಣಿ ಮಾಮ ಕೋಟೆಯಲ್ಲಿ ದೀಪ ಹಚ್ಚುವ ಆಳಾಗಿದ್ದ. ಅರ್ಧ ಗಂಟೆಯಾಯಿತು, ಸಾಯಲಿಲ್ಲ. ಒಂದು ಗಂಟೆಯಾಯಿತು, ಸಾಯಲಿಲ್ಲ. ಅಡುಗೆಯವಳು ಸತ್ತಳು, ಪಾದ್ರಿ ಸತ್ತ, ಇವನು ದೀಪ ಹಚ್ಚುತ್ತಲೇ ಇದ್ದ. ಅಕ್ಕ ಹಿಟ್ಟಿನ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ಕೂತಿದ್ದರು. ಅವನು ಲಾಟೀನು ಎತ್ತಿಕೊಂಡು ನೆಲಮಾಳಿಗೆಯ ಬಾಗಿಲು ತೆಗೆದ. ಒಂದು ಮೆಟ್ಟಿಲು ಇಳಿದು, ಹಿಂದೆ ತಿರುಗಿ ನಮ್ಮ ಕಡೆಗೇ ನೋಡಿದ. ಅಷ್ಟರಲ್ಲಿ ಚಿತ್ರ ಅಡ್ಡಡ್ಡ ಹರಿದು, ಯಂತ್ರದೊಳಗಿಂದ ಕರಕರ ಸದ್ದು ಬಂತು. ಟೇಪು ಸುತ್ತಿಕೊಂಡಿತ್ತು. ನಾನು ಅವಸರದಲ್ಲಿ ಎಳೆದೆ. ತುಂಡಾಯಿತು. ಮುಂದಿನದು ಪೂರ್ತಿ ಸುಕ್ಕುಗಟ್ಟಿ ಹಾಳಾಗಿತ್ತು.

"ನಿನಗೆ ಎಳೀಲಿಕ್ಕೆ ಯಾರು ಹೇಳಿದ್ದು?" ಅಕ್ಕ ನಿಜವಾಗಿಯೂ ಸಿಟ್ಟಾಗಿದ್ದರು.

"ಅವನು ಸಾಯುದೇ ಬಿಡಿ ಅಕ್ಕ. ಕೆಳಗೆ ಹೋದವ ಮೇಲೆ ಬರ್ತಾನಾ?"

"ಬರ್ತಾನೆ. ಇಷ್ಟು ಹೊತ್ತು ಬದುಕಿದವನನ್ನು ಸುಮ್ಮನೆ ಕೊಲ್ಲುದಿಲ್ಲ."

ಎರಡು ತಿಂಗಳಲ್ಲಿ ಅವರ ಗಂಡನಿಗೆ ಅಬುಧಾಬಿಯಲ್ಲಿ ಕೆಲಸವಾಯಿತು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮನೆ ಹಿಡಿದರು. ಲೋಡಿನ ಗಾಡಿ ಹೊರಟಾಗ ಅಕ್ಕ ಕಿಟಕಿಯಿಂದ ಹೊರಗೆ ಬಾಗಿ, "ಒಂದೂವರೆ ಗಂಟೆಯ ದಾರಿ, ಅಳ್ಬೇಡ" ಎಂದಿದ್ದರು.

ಒಂದೂವರೆ ಗಂಟೆಯ ದಾರಿ. ಈ ಇಪ್ಪತ್ತೆರಡು ವರ್ಷಗಳಲ್ಲಿ ನಾವು ಭೇಟಿಯಾದದ್ದು ಐದು ಸಲ. ಎಲ್ಲವೂ ಯಾರದೋ ಮದುವೆ, ಯಾರದೋ ಮಗುವಿನ ಕಾರ್ಯಕ್ರಮ, ಜನರ ನಡುವೆ. ಫೋನು ಮಾತ್ರ ತಪ್ಪಿರಲಿಲ್ಲ. ಅವರ ಈದ್ ಹಬ್ಬಕ್ಕೆ ನಾನು, ನಮ್ಮ ಚೌತಿಗೆ ಅವರು. ಮಾತು ಮುಗಿಯುವ ಮೊದಲು ಯಾರಾದರೂ ಒಬ್ಬರು ಬೋಣಿ ಮಾಮನನ್ನು ಕೇಳಲೇಬೇಕು. ಅವರು ಬದುಕಿದ್ದಾನೆ ಎನ್ನುತ್ತಿದ್ದರು, ನಾನು ಸತ್ತ ಎನ್ನುತ್ತಿದ್ದೆ. ಮಗ ದೊಡ್ಡವನಾದ ಮೇಲೆ, "ಮಮ್ಮಿ, ಜಸ್ಟ್ ಗಿವ್ ಮಿ ದ ನೇಮ್, ಐ ವಿಲ್ ಫೈಂಡ್ ಇಟ್" ಎಂದ. ಹೆಸರು ಗೊತ್ತಿದ್ದರಲ್ಲವೇ? ಲಾಟೀನು, ನೆಲಮಾಳಿಗೆ ಎಂದು ಹುಡುಕಿ ಹುಡುಕಿ ಅವನಿಗೂ ಸಾಕಾಯಿತು.

ಹೋಗಬಹುದಿತ್ತು, ಹೋಗಲಿಲ್ಲ. ವ್ಯಾಪಾರ ಶುರುಮಾಡಿದ ಮೇಲೆ ಪ್ರತಿ ಸಲ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಅಬುಧಾಬಿಗೆ ಹೋದರೆ ಒಂದು ಮನೆಯ ಸಾಮಾನು ಬೇರೆಯವರ ಪಾಲು. ಬರುವ ತಿಂಗಳು ಹೋಗುವಾ ಎನ್ನುತ್ತಿದ್ದೆ. ಅಕ್ಕನಿಗೂ ಹಾಗೆಯೇ ಹೇಳುತ್ತಿದ್ದೆ.

ಈ ಸಲ ಫೋನು ಹಬ್ಬವಿಲ್ಲದ ದಿನ ಬಂತು.

"ನಮ್ಮದು ಇಲ್ಲಿ ಖಲಾಸ್ ಮಾರಾಯ್ತಿ. ಇವರು ರಿಟೈರ್ ಆದ್ರು. ಬರುವ ಗುರುವಾರದ ನಂತರದ ಶನಿವಾರ ಟಿಕೆಟ್."

ನಾನು ಏನು ಹೇಳಿದೆನೋ ನೆನಪಿಲ್ಲ. ಲೋಡು ಕಟ್ಟಲಿಕ್ಕೆ ಒಳ್ಳೆಯ ಕಾರ್ಟನ್ ಎಲ್ಲಿ ಸಿಗುತ್ತದೆ ಎಂದು ವಿವರಿಸಿದೆ ಎಂದು ಕಾಣುತ್ತದೆ. ಅಂಥ ಹೊತ್ತಿನಲ್ಲಿ ನನಗೆ ಬರುವುದು ಅದೇ.

ಮರುದಿನವೇ ಜುಮೇರಾದ ಒಂದು ವಿಲ್ಲಾಕ್ಕೆ ಬೆಲೆ ಕಟ್ಟಲು ಹೋಗಿದ್ದೆ. ಮೇಷ್ಟ್ರಾಗಿ ನಿವೃತ್ತರಾಗಿದ್ದ ಇಂಗ್ಲಿಷ್ ಮುದುಕರೊಬ್ಬರು ಮಗಳ ಮನೆಗೆ ಹೊರಟಿದ್ದರು. ಮಂಚ, ಬೀರು, ಊಟದ ಮೇಜು ಎಲ್ಲ ನೋಡಿದೆ. ಓದುವ ಕೋಣೆಯ ನೆಲದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಕ್ಯಾಸೆಟ್ಟುಗಳಿದ್ದವು. ಮೇಲಿನದನ್ನು ಎತ್ತಿದೆ. ಕೋಟೆ, ನಿಲುವಂಗಿ, ಬೆಳ್ಳಗಿನ ಹುಡುಗಿ. ಮೂಲೆಯಲ್ಲಿ ಜೋತ ಕೆನ್ನೆ, ಮೇಲೇರಿದ ಒಂದು ಹುಬ್ಬು, ಕೈಯಲ್ಲಿ ಲಾಟೀನು. ಬೋಣಿ ಮಾಮ!

ನಮ್ಮ ಕಸುಬಿನಲ್ಲಿ ಒಂದು ಕ್ರಮ ಉಂಟು. ಯಾವ ವಸ್ತುವಿನ ಮೇಲೆ ಮನಸ್ಸಾಗಿದೆಯೋ ಅದನ್ನೇ ಹಳಿಯಬೇಕು. ಮುಖದ ಮೇಲೆ ಆಸೆ ಕಂಡರೆ ಬೆಲೆ ಏರುತ್ತದೆ. ಇಡೀ ಮನೆಗೆ ಒಂದು ಬೆಲೆ ಮಾತಾಡಿ, ಬೇಕಾದದ್ದನ್ನು ಕಸವೆಂದು ಹೇಳಿ ಪುಕ್ಕಟೆ ಹಾಕಿಸಿಕೊಳ್ಳಬೇಕು. ಹದಿನಾರು ವರ್ಷದ ರೂಢಿ, ನಾಲಗೆ ತಾನೇ ಹೊರಳಿತು.

"ಇದನ್ನೆಲ್ಲ ಯಾರು ನೋಡ್ತಾರೆ ಸರ್?" ಎಂದು ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಎಸೆದೆ. "ಹಾಳು ಕಸ. ಬಿಸಾಡ್ಲಿಕ್ಕೆ ನನಗೇ ಖರ್ಚು. ಆದ್ರೂ ಉಳಿದದ್ದರ ಜೊತೆ ಕೊಂಡೋಗ್ತೇನೆ ಬಿಡಿ."

ಅವರು ಪೆಟ್ಟಿಗೆಯ ಕಡೆಗೊಮ್ಮೆ ನೋಡಿ, ಬೆಲೆಗೆ ಒಪ್ಪಿಕೊಂಡರು. ಒಳ್ಳೆಯ ವ್ಯಾಪಾರವಾಯಿತೆಂದು ಖುಷಿಯಲ್ಲಿ ಬಂದೆ. ಗಾಡಿ ಬರುವುದು ಮೂರು ದಿನ ಬಿಟ್ಟು. ಆಗಲೇ ಆ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಆಸೆ ಕಾಣುತ್ತದಲ್ಲ, ಅದಕ್ಕೆ ಬಿಟ್ಟೆ.

ಮೂರು ದಿನದ ಮೇಲೆ ಗಾಡಿಯ ಜೊತೆ ನಾನೇ ಹೋದೆ. ಸೀದಾ ಓದುವ ಕೋಣೆಗೆ ನಡೆದೆ. ಪೆಟ್ಟಿಗೆ ಇರಲಿಲ್ಲ.

"ಅದಾ?" ಎಂದರು ಮುದುಕರು. "ನಿಮಗೆ ಯಾಕೆ ತೊಂದರೆ ಎಂದು ಬೆಳಗ್ಗೆ ನಾನೇ ಹೊರಗೆ ಕಸದ ತೊಟ್ಟಿಯ ಹತ್ತಿರ ಇಟ್ಟೆ. ನೀವು ಹೇಳಿದ್ದು ಸರಿ. ಯಾರು ನೋಡುತ್ತಾರೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೇ. ಓಡಿಹೋಗಿ ನೋಡಿದರೆ ತೊಟ್ಟಿಯ ಬಳಿ ಏನೂ ಇರಲಿಲ್ಲ. ವಾಪಸು ಬಂದು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಎಲ್ಲವನ್ನೂ ಹೇಳಿಬಿಟ್ಟೆ. ಕರಾಮದ ಹಾಲ್, ಅಕ್ಕ, ಒಂದು ದಿರ್ಹಮಿಗೆ ಎರಡು ಸಿನಿಮಾ, ಲಾಟೀನಿನವನು.

ಮುದುಕರ ಮುಖ ಅರಳಿತು. "ಅವನಾ! ಅವನಿಲ್ಲದ ಚಿತ್ರವೇ ಇಲ್ಲ. ಪಾತ್ರ ಇರಲಿ ಬಿಡಲಿ, ಎಲ್ಲಿಯಾದರೂ ಒಂದು ಬಾಗಿಲು ತೆಗೆಯಲಿಕ್ಕೆ ಅವನು ಬೇಕು. ನಾನೂ ಅವನನ್ನು ನೋಡಲಿಕ್ಕೇ ಕೂಡಿಟ್ಟದ್ದು. ನೀವು ಹೇಳುವ ಚಿತ್ರದ ಕೊನೆಯಲ್ಲಿ ಅವನು..."

"ಹೇಳ್ಬೇಡಿ!" ಎಂದು ಎರಡೂ ಕಿವಿ ಮುಚ್ಚಿಕೊಂಡೆ. ಗಾಡಿಯ ಡ್ರೈವರು ನನಗೆ ಹುಚ್ಚು ಹಿಡಿಯಿತೆಂದು ತಿಳಿದಿರಬೇಕು.

ಆ ರಸ್ತೆಯಲ್ಲಿ ತೊಟ್ಟಿಗಳ ಬಳಿ ಇಟ್ಟದ್ದನ್ನು ಹೆಕ್ಕಿಕೊಂಡು ಹೋಗುವವರು ಯಾರೆಂದು ನನಗೆ ಗೊತ್ತು. ಪಿಕಪ್ಪಿನಲ್ಲಿ ಸುತ್ತುವ ಪಠಾಣ, ನನ್ನ ಗೋದಾಮಿನಿಂದ ಎರಡು ರಸ್ತೆ ಆಚೆ ಅವನ ಶೆಡ್ಡು. ಚೌಕಾಸಿಯಲ್ಲಿ ನನಗೆ ಸರಿಸಮ. ಫೋನು ಮಾಡಿ ಯಾರನ್ನಾದರೂ ಕಳಿಸಬಹುದಿತ್ತು. ತಡೆಯಲಾಗದೆ ನಾನೇ ಗಾಡಿ ಓಡಿಸಿಕೊಂಡು ಹೋದೆ. ಅಲ್ಲಿಯೇ ಸೋತೆ.

"ಬಾಜಿ, ನೀವೇ ಬಂದ್ರಾ?" ಎಂದ ಅವನು ಹಿಂದಿಯಲ್ಲಿ. ಬಾಜಿ ಎಂದರೆ ಅವರಲ್ಲಿ ಅಕ್ಕ. "ಹನ್ನೊಂದು ವರ್ಷದಲ್ಲಿ ನನ್ನ ಶೆಡ್ಡಿಗೆ ಒಂದು ಸಲವೂ ಬಂದವರಲ್ಲ."

"ಒಂದು ಕಸದ ಪೆಟ್ಟಿಗೆ. ಹಳೆಯ ಕ್ಯಾಸೆಟ್ಟು. ಹತ್ತು ದಿರ್ಹಮ್ ಕೊಡ್ತೇನೆ."

ಅವನು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ನನ್ನ ಕೈ ಯಾವ ಕ್ಯಾಸೆಟ್ಟಿಗೆ ಹೋಗುತ್ತದೆಂದು ನೋಡಿದ. ಅದನ್ನು ಎತ್ತಿ ತನ್ನ ಕಡೆ ಇಟ್ಟುಕೊಂಡ.

"ಪೆಟ್ಟಿಗೆ ಹತ್ತಕ್ಕೆ. ಇದೊಂದು ಏಳುನೂರ ಐವತ್ತು."

"ಹುಚ್ಚಾ ನಿನಗೆ?"

"ನನಗಲ್ಲ ಬಾಜಿ. ನಿಮ್ಮ ಕಣ್ಣು ನೋಡಿ ಹೇಳಿದ್ದು."

ಕೊಟ್ಟೆ. ದುಡ್ಡು ಎಣಿಸುವಾಗ ಅವನಿಗೇ ಅನುಮಾನವಾಯಿತು, ಒಳಗೆ ವಜ್ರ ಗಿಜ್ರ ಇದೆಯಾ ಎಂದು ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಉಳಿದ ಪೆಟ್ಟಿಗೆಯನ್ನು ಮುದುಕರಿಗೆ ವಾಪಸು ಮುಟ್ಟಿಸಿ, ಮಗಳ ಮನೆಗೆ ಕೊಂಡುಹೋಗಿ ಎಂದೆ. ಕೊಂಡುಹೋದರೋ ಇಲ್ಲವೋ ಗೊತ್ತಿಲ್ಲ.

ಅಕ್ಕ ಹೊರಡುವ ಮೂರು ದಿನ ಮುಂಚೆ ಗೋದಾಮಿನಿಂದ ಒಂದು ಡಬ್ಬಾ ಟಿ.ವಿ., ಒಂದು ವಿ.ಸಿ.ಆರ್. ಹೊರಿಸಿಕೊಂಡು ಅಬುಧಾಬಿಗೆ ಹೋದೆ. ಹಾಲಿನ ತುಂಬ ಕಾರ್ಟನ್‌ಗಳು. ಸೋಫಾ ಮಾರಿಯಾಗಿತ್ತು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕಾಣುವುದಿಲ್ಲವಲ್ಲ.

"ಎಂತ ಇದು? ಖಾಲಿ ಮಾಡುವ ಮನೆಗೆ ಸಾಮಾನು ತಂದಿದ್ದಿ?"

ಕ್ಯಾಸೆಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹೊದಿಕೆಯ ಮೂಲೆ ನೋಡಿದರು. ಎದ್ದುಹೋಗಿ ಪರದೆ ಎಳೆಯಲು ಕೈ ಹಾಕಿದರು. ಪರದೆ ಬಿಚ್ಚಿ ಕಾರ್ಟನ್ನಿಗೆ ಹಾಕಿಯಾಗಿದೆ ಎಂಬುದು ಕೈಗೆ ಬರೀ ಸರಳು ಸಿಕ್ಕಿದಾಗ ನೆನಪಾಗಿ, ಒಂದು ಬೆಡ್‌ಶೀಟು ತೂಗುಹಾಕಿದರು.

ಎರಡು ಕಾರ್ಟನ್ ಮೇಲೆ ಇಬ್ಬರೂ ಕೂತೆವು. ಈ ಕ್ಯಾಸೆಟ್ಟಿಗೆ ಆರಂಭವಿತ್ತು. ನಟರ ಪಟ್ಟಿ ಬಂತು. ದೊಡ್ಡ ಅಕ್ಷರದವರೆಲ್ಲ ಮುಗಿದ ಮೇಲೆ, ಚಿಕ್ಕ ಅಕ್ಷರದಲ್ಲಿ, "ಆಳು" ಎಂಬುದರ ಎದುರು ಒಂದು ಹೆಸರು. ನಾನು ಗಟ್ಟಿಯಾಗಿ ಓದಿದೆ. ಅಕ್ಕ ಒಮ್ಮೆ ಅದನ್ನು ಬಾಯಲ್ಲಿ ಹೊರಳಿಸಿ ನೋಡಿ, "ಚಂದ ಇಲ್ಲ. ಬೋಣಿ ಮಾಮನೇ ಸಾಕು" ಎಂದರು.

ಕಥೆ ಸಾಗಿತು. ಈಗ ನನಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಅಕ್ಕನಿಗೆ ಹೇಳಬೇಕೆಂದು ಬಾಯಿ ತೆಗೆದೆ, ಆದರೆ ಅವರು ಆಗಲೇ ತುಳುವಿನಲ್ಲಿ ತುಂಬಿಸತೊಡಗಿದ್ದರು. ಸುಮ್ಮನಾದೆ. ಅವರ ಮಾತೇ ಚೆನ್ನಾಗಿತ್ತು. ಅಡುಗೆಯವಳು ಸತ್ತಳು. ಪಾದ್ರಿ ಸತ್ತ. ಅವನು ಲಾಟೀನು ಎತ್ತಿದ, ಬಾಗಿಲು ತೆಗೆದ, ಒಂದು ಮೆಟ್ಟಿಲು ಇಳಿದು ನಮ್ಮ ಕಡೆ ನೋಡಿದ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಟೇಪು ತುಂಡಾಗಲಿಲ್ಲ. ಅವನು ಕೆಳಗೆ ಇಳಿದು ಹೋದ. ಬಾಗಿಲು ಮುಚ್ಚಿತು.

ಆಮೇಲೆ ನಾಯಕ ಬಂದ, ಪಂಡಿತ ಬಂದ, ನಿಲುವಂಗಿಯವನ ಎದೆಗೆ ಗೂಟ ಬಿತ್ತು, ಕೋಟೆಗೆ ಬೆಂಕಿ ಹತ್ತಿತು. ನಾಯಕನೂ ಹುಡುಗಿಯೂ ಬೆಳಗಿನ ಬೆಳಕಿನಲ್ಲಿ ಕುದುರೆಗಾಡಿ ಹತ್ತಿ ಹೋದರು. ಸಂಗೀತ. ಮುಗಿಯಿತು.

"ಅವನೆಲ್ಲಿ?" ಎಂದರು ಅಕ್ಕ.

ಹಿಂದಕ್ಕೆ ತಿರುಗಿಸಿ ನೋಡಿದೆವು. ಬೆಂಕಿಯಲ್ಲಿ ಹುಡುಕಿದೆವು, ಓಡುವವರ ನಡುವೆ ಹುಡುಕಿದೆವು. ಮೂರು ಸಲ. ಅವನು ಎಲ್ಲಿಯೂ ಇರಲಿಲ್ಲ. ಸಾಯಲಿಲ್ಲ, ಬದುಕಿ ಬರಲೂ ಇಲ್ಲ. ಅವನು ಏನಾದನೆಂದು ಆ ಕಥೆಯಲ್ಲಿ ಒಬ್ಬರೂ ಕೇಳಲಿಲ್ಲ. ಬಾಗಿಲು ತೆಗೆಯುವ ಕೆಲಸ ಮುಗಿದಿತ್ತು, ಅವನನ್ನು ಮರೆತುಬಿಟ್ಟಿದ್ದರು.

ನನಗೆ ಸಿಟ್ಟು ಬಂತು. "ಏಳುನೂರ ಐವತ್ತು ಕೊಟ್ಟಿದ್ದೇನೆ ಅಕ್ಕ! ಒಂದು ಹೆಣವಾದ್ರೂ ತೋರಿಸ್ಬೇಕಿತ್ತು."

ಅಕ್ಕ ಯಂತ್ರ ಆರಿಸಿದರು. "ನೆಲಮಾಳಿಗೆಗೆ ಹಿಂದಿನಿಂದ ಒಂದು ಬಾಗಿಲು ಇರ್ತದೆ. ಅದರಲ್ಲಿ ಮನೆಗೆ ಹೋಗಿದ್ದಾನೆ. ಹೆಂಡತಿ ಕಾಯ್ತಾ ಇರ್ತಾಳಲ್ಲ."

"ಸಂಬಳ?"

"ಹೋಗ್ಲಿ ಬಿಡು. ಎಷ್ಟು ವರ್ಷ ದೀಪ ಹಚ್ಚುದು ಅವನು?"

ಹೊರಡುವಾಗ ಕ್ಯಾಸೆಟ್ಟನ್ನು ಅವರ ಕೈಗೆ ಕೊಟ್ಟೆ. ಊರಲ್ಲಿ ಯಂತ್ರವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಕಾರ್ಟನ್ನಿಗೆ ಹಾಕಲಿಲ್ಲ, ವಿಮಾನದಲ್ಲಿ ಕೈಯಲ್ಲಿ ಹಿಡಿಯುವ ಚೀಲಕ್ಕೆ, ಪಾಸ್‌ಪೋರ್ಟುಗಳ ಪಕ್ಕಕ್ಕೆ ಹಾಕಿದರು.

"ಊರಿಗೆ ಬರ್ತೇನೆ ಅಕ್ಕ. ಬರುವ ರಜೆಗೆ."

"ನಿನ್ನ 'ಬರ್ತೇನೆ' ನನಗೆ ಗೊತ್ತುಂಟು" ಎಂದರು ಅಕ್ಕ, ನಗುತ್ತಲೇ. "ಇಪ್ಪತ್ತೆರಡು ವರ್ಷ ಇಲ್ಲಿಯೇ ಕೂತು ಕೇಳಿದ್ದೇನೆ."

ಬರುವ ದಾರಿಯಲ್ಲಿ ಎರಡು ಸಲ ಗಾಡಿ ಬದಿಗೆ ಹಾಕಿ ನಿಲ್ಲಿಸಬೇಕಾಯಿತು. ಕರಾಮದ ಆ ಹಾಲ್ ಬೇಕೆನಿಸಿತ್ತು. ಹಿಟ್ಟಿನ ಕೈ, ತೊಟ್ಟಿಲು, ಎಳೆದ ಪರದೆ. ಯಾವ ವಿಲ್ಲಾ ಖಾಲಿಯಾದರೂ ಅದು ನನ್ನ ಲೋಡಿಗೆ ಬರುವುದಿಲ್ಲ.

ಓದುವವರಿಗೆ ನಾನು ಹೇಳುವುದಿಷ್ಟು. ಹಳೆಯ ಕ್ಯಾಸೆಟ್ಟು ಕೊಳ್ಳುವುದಾದರೆ ಮೊದಲು ಅದರ ಮೈಮೇಲಿನ ಪುಟ್ಟ ಕಿಟಕಿಯಿಂದ ಒಳಗಿನ ಟೇಪು ನೋಡಿ. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಎರಡೂ ಹಾಳಾಗುತ್ತವೆ. ಸಿಕ್ಕಿಹಾಕಿಕೊಂಡರೆ ಎಳೆಯಬೇಡಿ, ಯಂತ್ರದ ಮುಚ್ಚಳ ಬಿಚ್ಚಿ, ಟೇಪು ಬಿಡಿಸಿ, ಸುರುಳಿಯನ್ನು ಬೆರಳಿನಲ್ಲಿ ನಿಧಾನ ಸುತ್ತಿ. ಮನೆ ಖಾಲಿ ಮಾಡುವವರ ಜೊತೆ ಸೋಫಾಕ್ಕೆ, ಮೇಜಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಆದರೆ ಅವರು ಕೂಡಿಟ್ಟು ಪ್ರೀತಿಯಿಂದ ನೋಡಿದ್ದನ್ನು ಕಸ ಎನ್ನಬೇಡಿ. ಅವರು ನಿಮ್ಮ ಮಾತು ನಂಬಿಬಿಟ್ಟಾರು. ಬೇಕಿದ್ದರೆ ಬೇಕು ಎಂದು ಹೇಳಿ, ನಾಲ್ಕು ಕಾಸು ಹೆಚ್ಚಾದರೂ ಆಗಲಿ.

ಇನ್ನೊಂದು. ನಿಮ್ಮವರು ಯಾರಾದರೂ ಅಬುಧಾಬಿಯಲ್ಲಿದ್ದರೆ, ಅಥವಾ ನೀವು ಅಲ್ಲಿದ್ದು ಅವರು ದುಬೈಯಲ್ಲಿದ್ದರೆ, ಮದುವೆಯ ಕರೆಯೋಲೆಗೆ ಕಾಯಬೇಡಿ. ಮದುವೆಯ ಹಾಲಿನಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ. ಗಾಡಿ ಇಲ್ಲದಿದ್ದರೆ ಬರ್ ದುಬೈಯಿಂದ ಬಸ್ಸು ಉಂಟು, ಬಸ್ಸಿನ ಕಾರ್ಡಿನಲ್ಲಿ ಹೋಗಿಬರುವಷ್ಟು ದುಡ್ಡು ಹಾಕಿಟ್ಟುಕೊಳ್ಳಿ. ವಾರದ ನಡುವೆ, ಬೆಳಗ್ಗೆ ಆಫೀಸಿನ ಗಾಡಿಗಳೆಲ್ಲ ಹೋದ ಮೇಲೆ ಹೊರಡಿ, ರಸ್ತೆ ಖಾಲಿ ಇರುತ್ತದೆ. ಊಟ ಅಲ್ಲಿಯೇ ಮಾಡಿ. ಸಂಜೆಯ ಟ್ರಾಫಿಕ್ ನೋಡಿಕೊಂಡು ಬೇಗ ಏಳಬೇಡಿ, ತಡವಾದರೂ ಪರವಾಗಿಲ್ಲ. ಹೊರಡುವ ದಿನವನ್ನು ಇವತ್ತೇ ಫೋನು ಮಾಡಿ ಅವರಿಗೆ ಹೇಳಿಬಿಡಿ. ಹೇಳಿದ ಮೇಲೆ ತಪ್ಪಿಸುವುದು ಕಷ್ಟ.